ಬೀಜಕ್ಕೆ ಒಪ್ಪಿಗೆ ಕೊಡುವ ಮೊದಲು ಅದರ ಚೀಟಿಯನ್ನು ನಮಗೆ ತೋರಿಸಿ

ಸಂಪಾದಕರಿಗೆ ನಮಸ್ಕಾರ.

ನಾನು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ. ನಮ್ಮದು 6 ಎಕರೆ ಹೊಲ. ಮಳೆ ನಂಬಿದ ಬೇಸಾಯ. 4 ಎಕರೆಗೆ ಗೋವಿನಜೋಳ ಹಾಕುತ್ತೇವೆ. ಉಳಿದದ್ದರಲ್ಲಿ ಹತ್ತಿ, ನಡುನಡುವೆ ಒಂದಿಷ್ಟು ತೊಗರಿ. ದಾವಣಗೆರೆ ಕಡೆಯವರು ಮೆಕ್ಕೆಜೋಳ ಅನ್ನುವುದನ್ನೇ ನಾವು ಗೋವಿನಜೋಳ ಅನ್ನುತ್ತೇವೆ.

ನಮ್ಮ ಮನೆಯಲ್ಲಿ ಬಿತ್ತನೆ ಬೀಜದ ಚೀಲ ಬಂದ ದಿನ ಅದರ ಚೀಟಿ ಓದುವ ಕೆಲಸ ನನ್ನದು. ಯಜಮಾನರು ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಅತ್ತೆಯವರು ಶಾಲೆಗೆ ಹೋದವರೇ ಅಲ್ಲ. ನಾನು ಪಿಯುಸಿ ಮುಗಿಸಿದ್ದೇನೆ. ಹಾಗಾಗಿ ಪಡಸಾಲೆಯಲ್ಲಿ ಚೀಲ ಇಟ್ಟುಕೊಂಡು, ತಳಿಯ ಹೆಸರು, ಲಾಟ್ ನಂಬರು, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು, ಎಲ್ಲಿಯವರೆಗೆ ಬಿತ್ತಬಹುದು ಎಂಬುದನ್ನೆಲ್ಲ ಓದಿ ಹೇಳುತ್ತೇನೆ. ಅತ್ತೆಯವರು ಅಡಕೆ ಹಾಕಿಕೊಳ್ಳುತ್ತಾ ಕೇಳುತ್ತಾರೆ. ಏನಾದರೂ ತಿಳಿಯದಿದ್ದರೆ ಅಲ್ಲೇ ತಡೆಯುತ್ತಾರೆ. 23 ವರ್ಷದಿಂದ ಹೀಗೆ ನಡೆದಿದೆ. ಈ ಪತ್ರ ಬರೆಯುತ್ತಿರುವುದು ಆ ಚೀಟಿಯ ಬಗ್ಗೆಯೇ.

ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ, ಮೆಕ್ಕೆಜೋಳವನ್ನು ಪ್ರಯೋಗಕ್ಕಾಗಿ ಬೆಳೆಯಲು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಅನುಮತಿ ಸಿಕ್ಕಿದೆ ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊಸ ಬೀಜ ಮಸೂದೆಯ ಕರಡನ್ನು ಜನರ ಮುಂದೆ ಇಟ್ಟಿತು. ಬೀಜದ ಚೀಲದ ಮೇಲೆ ಕ್ಯೂಆರ್ ಕೋಡ್ ಇರಬೇಕು ಎಂಬ ಮಾತು ಅದರಲ್ಲಿದೆ. ಈ ಎರಡು ಸುದ್ದಿಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಹೇಳಲೇಬೇಕು ಅನಿಸಿತು. ಹುಳು ತಡೆಯುವ ಕುಲಾಂತರಿ ಗೋವಿನಜೋಳ ನಮ್ಮ ದೇಶದಲ್ಲಿ ಬಿತ್ತನೆಗೆ ಇನ್ನೂ ಬಂದಿಲ್ಲ. ವಾಣಿಜ್ಯ ಬೆಳೆಯಾಗಿ ಹೊಲಕ್ಕೆ ಇಳಿದಿರುವ ಕುಲಾಂತರಿ ಎಂದರೆ ಹತ್ತಿ ಒಂದೇ. ಆದ್ದರಿಂದ ಮಾತಾಡಲು ಇದೇ ಹೊತ್ತು. ಬಂದ ಮೇಲೆ ಮಾತಾಡಿ ಏನು ಪ್ರಯೋಜನ, ಅಲ್ವಾ?

ಬೇಕೋ ಬೇಡವೋ ಎಂಬ ಜಗಳ ನಮ್ಮೂರಲ್ಲೂ ಇದೆ. ಗೋವಿನಜೋಳದ ಸುಳಿ ತಿನ್ನುವ ಲದ್ದಿ ಹುಳು ಬಂದ ಮೇಲೆ 'ಬರಲಿ ಮಾರಾಯ, ಔಷಧ ಹೊಡೆದು ಹೊಡೆದು ಸಾಕಾಗಿದೆ' ಅನ್ನುವವರು ಜಾಸ್ತಿ ಆಗಿದ್ದಾರೆ. 'ಹತ್ತಿಯಲ್ಲಿ ಆದದ್ದು ಸಾಲದೇ' ಅನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆ ಜಗಳ ಇವತ್ತು ನನ್ನ ವಿಷಯವಲ್ಲ. ಒಂದು ವೇಳೆ ಸರ್ಕಾರ ಒಪ್ಪಿಗೆ ಕೊಡುವುದೇ ಆದರೆ, ಬೀಜಕ್ಕೆ ಕೊಡುವ ದಿನವೇ ಅದರ ಚೀಟಿಯ ಒಂದೊಂದು ಸಾಲಿಗೂ ಒಪ್ಪಿಗೆ ಆಗಿರಬೇಕು. ಆ ಚೀಟಿಯನ್ನು ಮೊದಲೇ ನಮಗೆ ಕನ್ನಡದಲ್ಲಿ ತೋರಿಸಿರಬೇಕು. ನನ್ನ ಬೇಡಿಕೆ ಇಷ್ಟೇ. ಇಷ್ಟು ಚಿಕ್ಕ ಬೇಡಿಕೆಗೆ ಇಷ್ಟು ಉದ್ದದ ಪತ್ರ ಏಕೆ ಎಂದರೆ, ಚೀಟಿ ಓದದೆ, ಓದಿದರೂ ತಿಳಿಯದೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಹತ್ತಿಯ ಕಥೆ ಹೇಳುತ್ತೇನೆ. ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕ ಹುಳುವನ್ನು ತಾನೇ ಕೊಲ್ಲುವ ಕುಲಾಂತರಿ ಹತ್ತಿಗೆ, ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿ ಒಪ್ಪಿಗೆ ಕೊಟ್ಟದ್ದು 2002ರ ಮಾರ್ಚ್‌ನಲ್ಲಿ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತು ಅದು. ನಮ್ಮ ಸೀಮೆಯಲ್ಲಿ ಹತ್ತಿ ಬೀಜೋತ್ಪಾದನೆ ಜೋರಾಗಿತ್ತು. ನಾನೂ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದೇನೆ. ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಹೂವನ್ನು ತಂದು ಅದಕ್ಕೆ ಮುಟ್ಟಿಸುವುದು. ಬೆರಳ ತುದಿಯೆಲ್ಲ ಹಳದಿಯಾಗುತ್ತಿತ್ತು. ಒಂದು ಹೂವಿನ ಧೂಳು ಇನ್ನೊಂದಕ್ಕೆ ತಾಗಿದರೆ ಬೀಜವೇ ಬೇರೆಯಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಕೈಯಿಂದಲೇ ಕಲಿತೆ.

ಆಮೇಲೆ ನಮ್ಮ ಹೊಲಕ್ಕೂ ಬಿಟಿ ಹತ್ತಿ ಬಂತು. 450 ಗ್ರಾಂ ಪೊಟ್ಟಣ. ಅದರ ಜೊತೆಗೆ 120 ಗ್ರಾಮಿನ ಇನ್ನೊಂದು ಸಣ್ಣ ಪೊಟ್ಟಣ. ಆ ಸಣ್ಣದರಲ್ಲಿ ಬಿಟಿ ಅಲ್ಲದ ಬೀಜ ಇರುತ್ತಿತ್ತು. ಅದನ್ನು ಹೊಲದ ಸುತ್ತ ಸಾಲು ಹಾಕಬೇಕು ಎಂಬುದು ನಿಯಮ. ಒಪ್ಪಿಗೆ ಪತ್ರದಲ್ಲೇ ಇದ್ದ ಷರತ್ತು ಅದು. ಬಿಟಿ ಹತ್ತಿಯ ಸುತ್ತ ಕನಿಷ್ಠ 5 ಸಾಲು, ಇಲ್ಲವೇ ಒಟ್ಟು ಜಾಗದ ನೂರಕ್ಕೆ 20 ಪಾಲು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು. ಇದೆಲ್ಲ ನನಗೆ ಗೊತ್ತಾದದ್ದು ಹತ್ತು ವರ್ಷ ಕಳೆದ ಮೇಲೆ. ಆಗ ಅಂಗಡಿಯವರು ಹೇಳಿದ್ದು ಒಂದೇ ಮಾತು: 'ಅಕ್ಕಾರ, ಅದೇನು ಬ್ಯಾಡ, ಬಿಸಾಕ್ರಿ.' ನಾನು ಪೊಟ್ಟಣ ತಿರುಗಿಸಿ ನೋಡಿದ್ದೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಏನೋ ಇತ್ತು. ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ನಾನೇ ಅದನ್ನು ಬದುವಿನ ಆಚೆ ಎಸೆದೆ. ಎಸೆದ ಜಾಗ ಇವತ್ತಿಗೂ ನೆನಪಿದೆ. ಬನ್ನಿ ಗಿಡದ ಬುಡ. ನಮ್ಮೂರಲ್ಲಿ ಅದನ್ನು ಬಿತ್ತಿದವರನ್ನು ನಾನಂತೂ ಕಾಣೆ.

ಆ ಸಣ್ಣ ಪೊಟ್ಟಣ ಯಾಕಿತ್ತು ಎಂದು ತಿಳಿಸಿ ಹೇಳಿದ್ದು ನನ್ನ ಅಣ್ಣನ ಮಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದವಳು. ಅವಳು ಒಲೆಯ ಮುಂದೆ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಗಿಡಕ್ಕೆ ಸೇರಿಸಿರುತ್ತಾರೆ. ಗಿಡ ತಾನೇ ಒಂದು ಪ್ರೋಟೀನ್ ಮಾಡುತ್ತದೆ. ಎಲೆ ತಿಂದ ಹುಳುವಿನ ಕರುಳು ಕೆಟ್ಟು ಅದು ಸಾಯುತ್ತದೆ. ಆದರೆ ಲಕ್ಷದಲ್ಲಿ ಎಲ್ಲೋ ಒಂದು ಹುಳು ಅದನ್ನು ತಿಂದೂ ಬದುಕುತ್ತದೆ. ಅದು ಪತಂಗವಾಗಿ, ತನ್ನಂತೆಯೇ ಬದುಕಿದ ಇನ್ನೊಂದರ ಜೊತೆ ಕೂಡಿದರೆ ಹುಟ್ಟುವ ಮರಿಗಳೆಲ್ಲ ಗಟ್ಟಿ. ಸುತ್ತ ಬಿಟಿ ಅಲ್ಲದ ಸಾಲುಗಳಿದ್ದರೆ ಅಲ್ಲಿ ಸಾವಿರಾರು ಸಾಧಾರಣ ಹುಳುಗಳು ಬೆಳೆದಿರುತ್ತವೆ. ಬದುಕುಳಿದ ಒಂದೆರಡು ಗಟ್ಟಿ ಪತಂಗಗಳಿಗೆ ಇವುಗಳೇ ಜೋಡಿ ಸಿಗುತ್ತವೆ. ಆ ಜೋಡಿಯ ಮರಿ ಮತ್ತೆ ಬಿಟಿ ಎಲೆ ತಿಂದರೆ ಸಾಯುತ್ತದೆ. ಅಂದರೆ ಸ್ವಲ್ಪ ಬೆಳೆಯನ್ನು ಹುಳುವಿಗೆ ಬಿಟ್ಟುಕೊಟ್ಟು ಉಳಿದದ್ದನ್ನು ಕಾಯುವುದು. ಇದನ್ನು ಆಶ್ರಯ ಬೆಳೆ ಅನ್ನುತ್ತಾರೆ. ಕೇಳಿ ಅತ್ತೆಯವರು ಅಂದದ್ದು: 'ಇಷ್ಟ ಹೇಳಾಕ ಅವರಿಗೆ ಏನಾಗಿತ್ತು? ಹಕ್ಕಿಗೊಂದು ಸಾಲು ಬಿಡತೀವಿ, ಹುಳಕ್ಕೊಂದು ಬಿಡತಿದ್ದಿಲ್ಲೇನು?'

ನನಗೆ ಆ ದಿನ ಕಣ್ಣಲ್ಲಿ ನೀರು ಬಂತು. ಬಿಟ್ಟುಕೊಡುವುದು ನಮಗೆ ಹೊಸದಲ್ಲ. ಯಾಕೆ ಬಿಡಬೇಕು ಎಂದು ಯಾರೂ ಹೇಳಲಿಲ್ಲ, ಅಷ್ಟೇ.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಬಗ್ಗುತ್ತಿಲ್ಲ ಎಂದು 2010ರಲ್ಲಿ ಬೀಜ ಕೊಟ್ಟ ಕಂಪನಿಯೇ ಒಪ್ಪಿಕೊಂಡಿತು. 2006ರಲ್ಲಿ ಬಂದಿದ್ದ, ಎರಡು ಜೀನ್ ಇರುವ ಎರಡನೇ ಬಿಟಿಯೂ ಹತ್ತು ವರ್ಷ ತುಂಬುವ ಹೊತ್ತಿಗೆ ಆ ಹುಳುವಿನ ಮುಂದೆ ಸೋತಿತು. ನಮ್ಮ ಹೊಲದಲ್ಲಿ ಕಾಯಿ ಹೊರಗಿನಿಂದ ದುಂಡಗೆ ಚೆಂದ ಇರುತ್ತಿತ್ತು. ಒಡೆದರೆ ಒಳಗೆ ಗುಲಾಬಿ ಹುಳು, ಕಂದು ಹತ್ತಿದ ಅರಳೆ. ಬಿಡಿಸಲು ಬಂದ ಆಳಿನ ಕೂಲಿಯೂ ಹುಟ್ಟಲಿಲ್ಲ. ಆಗಲೇ ನಾವು ಹತ್ತಿ ಕಡಿಮೆ ಮಾಡಿ ಗೋವಿನಜೋಳಕ್ಕೆ ತಿರುಗಿದ್ದು.

ಕೊನೆಗೆ ಸರ್ಕಾರ ಹತ್ತಿಯ ಪೊಟ್ಟಣವನ್ನೇ ಬದಲಿಸಿತು. ಈಗ 475 ಗ್ರಾಂ ಪೊಟ್ಟಣದಲ್ಲೇ ನೂರಕ್ಕೆ 5ರಿಂದ 10ರಷ್ಟು ಬಿಟಿ ಅಲ್ಲದ ಬೀಜ ಬೆರೆಸಿರುತ್ತಾರೆ. ಬಿಸಾಡುವ ಮಾತೇ ಇಲ್ಲ. ಇದು ಒಳ್ಳೆಯದು. ಆದರೆ ಮೊದಲ ಬಿಟಿ ಹತ್ತಿಗೂ ಇದಕ್ಕೂ ನಡುವೆ ಹದಿನೈದು ವರ್ಷಕ್ಕಿಂತ ಜಾಸ್ತಿ ಕಾಲ ಹೋಯಿತು. ಹುಳು ಅಷ್ಟು ದಿನ ಕಾಯುತ್ತದೆಯೇ?

ಈಗ ಗೋವಿನಜೋಳಕ್ಕೆ ಬರುತ್ತೇನೆ. ನಾವು ಲದ್ದಿ ಹುಳು ಅನ್ನುವ ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಕರ್ನಾಟಕದಲ್ಲೇ, ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ನಮ್ಮ ಊರಿನಿಂದ ಶಿವಮೊಗ್ಗ ಎಷ್ಟು ದೂರ? ಈ ಪತಂಗ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದಂತೆ. ಆ ಮುಂಗಾರಿಗೇ ನಮ್ಮ ಹೊಲದಲ್ಲಿತ್ತು. ತಲೆಯ ಮೇಲೆ ತಿರುಗಿಸಿಟ್ಟ ವೈ ಅಕ್ಷರದಂಥ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಸುಳಿಯೊಳಗೆ ಕೂತು ತಿಂದು, ಮರದ ಪುಡಿಯಂಥ ಲದ್ದಿಯಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಹೊಡೆದ ಔಷಧ ಒಳಗೆ ಇಳಿಯುವುದೇ ಇಲ್ಲ. ಕೃಷಿ ಇಲಾಖೆಯವರು ಹೇಳಿದ ವಿಷ ಪಾಷಾಣವನ್ನು ನಾವು ಮನೆಯಲ್ಲೇ ಮಾಡಿದೆವು. 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು, ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಎಂಬ ಕೀಟನಾಶಕ. ಸಂಜೆ ಹೊತ್ತು ಒಂದೊಂದು ಸುಳಿಗೂ ಚಿಟಿಕೆ ಚಿಟಿಕೆ ಹಾಕುತ್ತಾ ನಾಲ್ಕು ಎಕರೆ ನಡೆದಿದ್ದೇವೆ. ಸೊಂಟ ಬಿದ್ದು ಹೋಗುತ್ತದೆ. ಇಷ್ಟು ಕಷ್ಟಪಟ್ಟವರು 'ಹುಳು ತಾನೇ ಸಾಯುವ ಬೀಜ ಇದೆ' ಎಂದರೆ ಕೈ ಚಾಚದೆ ಇರುತ್ತಾರೆಯೇ? ಅದಕ್ಕೇ ನನಗೆ ಹೆದರಿಕೆ. ಕೈ ಚಾಚುವ ಅವಸರದಲ್ಲಿ ಚೀಟಿ ಮತ್ತೆ ಬನ್ನಿ ಗಿಡದ ಬುಡಕ್ಕೆ ಹೋಗುತ್ತದೆ.

ಈ ಹುಳುವಂತೂ ಬಿಟಿ ಗೋವಿನಜೋಳವನ್ನು ಆಗಲೇ ಒಮ್ಮೆ ಗೆದ್ದಿದೆ. ಪೋರ್ಟೊ ರಿಕೊ ದ್ವೀಪದಲ್ಲಿ ಒಂದೇ ಬಿಟಿ ಜೀನ್ ಇದ್ದ ತಳಿಗೆ ಇದೇ ಸೈನಿಕ ಹುಳು 2006ರಲ್ಲೇ ಬಗ್ಗದೆ ನಿಂತಿತು. ಮಾರುತ್ತಿದ್ದವರು ಆ ಬೀಜವನ್ನು ಅಲ್ಲಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿಯ ಕಾಂಡಕೊರಕವೂ ಬಿಟಿಯನ್ನು ಜೀರ್ಣಿಸಿಕೊಂಡಿತು ಎಂದು 2007ರಲ್ಲಿ ವರದಿ ಬಂತು. ಅಲ್ಲೂ ಶುರುವಿನ ವರ್ಷಗಳಲ್ಲಿ ಎಷ್ಟೋ ರೈತರು ಆಶ್ರಯ ಬೆಳೆ ಹಾಕಿರಲಿಲ್ಲ. ಬನ್ನಿ ಗಿಡದ ಬುಡ ಎಲ್ಲ ದೇಶದಲ್ಲೂ ಇದೆ.

ಅಮೆರಿಕದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂದು ಅಣ್ಣನ ಮಗಳನ್ನು ಕೇಳಿದೆ. ಅಲ್ಲಿ 1996ರಿಂದ ರೈತರು ಬಿಟಿ ಗೋವಿನಜೋಳ ಬಿತ್ತುತ್ತಿದ್ದಾರೆ. ಅವಳು ಮೊಬೈಲಿನಲ್ಲಿ ಒಂದು ಕಾಗದ ತೆರೆದು ತೋರಿಸಿದಳು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ ಅನ್ನುತ್ತಾರೆ, ಗಿಡದೊಳಗೆ ತಯಾರಾಗುವ ಹುಳು ಕೊಲ್ಲುವ ಪ್ರೋಟೀನನ್ನೂ ಕೀಟನಾಶಕ ಎಂದೇ ಲೆಕ್ಕ ಹಿಡಿಯುತ್ತದೆ. ಅದಕ್ಕೆ ನೋಂದಣಿ ನಂಬರು ಇರುತ್ತದೆ. ಕಂಪನಿಯವರು ಚೀಟಿಯ ಪೂರ್ತಿ ಬರಹವನ್ನು ಬರೆದು ಕಳಿಸಬೇಕು. ಸಂಸ್ಥೆಯವರು ಅದನ್ನು ಸಾಲು ಸಾಲಾಗಿ ಓದಿ, ಇದು ತಿದ್ದಿ, ಅದು ಸೇರಿಸಿ ಎಂದು ಪತ್ರ ಬರೆಯುತ್ತಾರೆ. ಒಪ್ಪಿದ ಮೇಲೆ ಚೀಟಿಯ ಮೇಲೇ 'ಒಪ್ಪಲಾಗಿದೆ' ಎಂದು ತಾರೀಖು ಸಮೇತ ಮೊಹರು. ಆಮೇಲೆ ಒಂದು ಸಾಲು ಬದಲಿಸಬೇಕಾದರೂ ಮತ್ತೆ ಸಂಸ್ಥೆಗೆ ತಿಳಿಸಬೇಕು. ಆ ಪತ್ರ, ಆ ಚೀಟಿ ಎರಡೂ ಯಾರು ಬೇಕಾದರೂ ನೋಡುವಂತೆ ಇಟ್ಟಿರುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ಒಂದು ಅಡುಗೆ ಮನೆಯಲ್ಲಿ ಕೂತು ನಾನು ನೋಡಿದೆ ಅಂದರೆ ನೋಡಿ.

ಅದರಲ್ಲಿ ಆಶ್ರಯ ಬೆಳೆಯ ಲೆಕ್ಕ ಎಷ್ಟು ಬಿಡಿಸಿ ಹೇಳಿದ್ದಾರೆ! ಮೊದಮೊದಲು ಒಂದೇ ಜೀನ್ ಇದ್ದ ಗೋವಿನಜೋಳಕ್ಕೆ ನೂರಕ್ಕೆ 20 ಪಾಲು ಬಿಟಿ ಅಲ್ಲದ ಗೋವಿನಜೋಳ ಬಿತ್ತಬೇಕಿತ್ತು. ಹತ್ತಿಯೂ ಬೆಳೆಯುವ ದಕ್ಷಿಣದ ಸೀಮೆಯಲ್ಲಾದರೆ 50 ಪಾಲು. ಯಾಕೆಂದರೆ ಒಂದೇ ಹುಳು ಜೋಳವನ್ನೂ ಹತ್ತಿಯನ್ನೂ ತಿನ್ನುತ್ತದೆ, ಎರಡೂ ಬಿಟಿ ಆದರೆ ಅದರ ಮೇಲೆ ಒತ್ತಡ ಜಾಸ್ತಿ. ಎರಡು ಮೂರು ಜೀನ್ ಇರುವ ತಳಿ ಬಂದ ಮೇಲೆ ಉತ್ತರದ ಜೋಳದ ಸೀಮೆಗೆ ಚೀಲದಲ್ಲೇ ನೂರಕ್ಕೆ 5 ಬೆರೆಸಿ ಕೊಡಲು ಒಪ್ಪಿದರು. ದಕ್ಷಿಣದವರು ಆ ಬೆರಕೆ ಚೀಲ ತಂದರೂ 20 ಪಾಲು ಬೇರೆಯಾಗಿ ಬಿತ್ತಲೇಬೇಕು.

ಇದನ್ನು ಓದಿದಾಗ ನನಗೆ ನಮ್ಮ ಹೊಲವೇ ಕಣ್ಣ ಮುಂದೆ ಬಂತು. ಹಾವೇರಿ ಜಿಲ್ಲೆಯಲ್ಲಿ ಒಂದು ಬದುವಿನ ಈ ಕಡೆ ಬಿಟಿ ಹತ್ತಿ, ಆ ಕಡೆ ಗೋವಿನಜೋಳ. ಅಲ್ಲಿನ ದಕ್ಷಿಣದ ಸೀಮೆಯಂತೆಯೇ ಅಲ್ವಾ? ಹತ್ತಿಯ ಹಸಿರು ಕಾಯಿಕೊರಕ ನಮ್ಮಲ್ಲೂ ಗೋವಿನಜೋಳದ ತೆನೆಗೆ ಬರುತ್ತದೆ, ತೊಗರಿಗೂ ಬರುತ್ತದೆ. ಹಾಗಿದ್ದರೆ ಹಾವೇರಿಯ ಚೀಟಿಯೂ, ಬರೀ ಗೋವಿನಜೋಳ ಬೆಳೆಯುವ ಊರಿನ ಚೀಟಿಯೂ ಒಂದೇ ಆಗಿದ್ದರೆ ಸರಿಯೇ? ಇದನ್ನು ದೆಹಲಿಯಲ್ಲಿ ಕೂತವರು ಯೋಚಿಸಿದ್ದಾರೋ ಇಲ್ಲವೋ, ಚೀಟಿ ನೋಡಿದರೆ ಮಾತ್ರ ನಮಗೆ ಗೊತ್ತಾಗುತ್ತದೆ.

ಚೀಲದಲ್ಲೇ ಬೆರೆಸಿ ಕೊಟ್ಟರೆ ಮುಗಿಯಿತು ಎಂದೂ ತಿಳಿಯಬಾರದು. ಗೋವಿನಜೋಳ ಹತ್ತಿಯಂತಲ್ಲ. ಅದರ ಹೂವಿನ ಧೂಳು ಗಾಳಿಯಲ್ಲಿ ಹೋಗುತ್ತದೆ. ನಾನು ಕ್ರಾಸಿಂಗ್ ಮಾಡಿದವಳು, ನನಗೆ ಇದು ಹೇಳಿ ಕೊಡಬೇಕಿಲ್ಲ. ಬಿಟಿ ಗಿಡದ ಧೂಳು ಪಕ್ಕದ ಬಿಟಿ ಅಲ್ಲದ ಗಿಡದ ತೆನೆಗೆ ಬಿದ್ದರೆ, ಆ ತೆನೆಯಲ್ಲಿ ಕೆಲವು ಕಾಳು ಬಿಟಿ, ಕೆಲವು ಅಲ್ಲ. ಅದನ್ನು ತಿಂದ ಹುಳುವಿಗೆ ಅರೆಬರೆ ವಿಷ. ಸಾಯದೆ ಪಳಗುತ್ತದೆ. ಜೊತೆಗೆ ಸೈನಿಕ ಹುಳು ಒಂದು ಗಿಡದಿಂದ ಇನ್ನೊಂದಕ್ಕೆ ಹರಿದು ಹೋಗುವ ಜಾತಿ. ಈ ಗಿಡದಲ್ಲಿ ಬೆಳೆದು ದೊಡ್ಡದಾಗಿ ಆ ಗಿಡಕ್ಕೆ ಹೋದರೆ ಬದುಕುವ ಸಾಧ್ಯತೆ ಜಾಸ್ತಿ. ಬೇರೆ ಪಟ್ಟಿಯಾಗಿ ಬಿತ್ತಿದರೆ ಈ ತೊಂದರೆ ಕಡಿಮೆ. ಆದರೆ ಒಂದೂವರೆ ಎಕರೆ ಇರುವ ಬಡ ರೈತ ಬೇರೆ ಪಟ್ಟಿ ಮಾಡುತ್ತಾನೆಯೇ ಎಂಬುದು ಇನ್ನೊಂದು ಪ್ರಶ್ನೆ. ಯಾವುದನ್ನು ಆರಿಸಿದರು, ಯಾಕೆ ಆರಿಸಿದರು ಎಂದು ನಮಗೆ ಹೇಳಬೇಕು.

ಬೇರೆ ಪಟ್ಟಿ ಎಂದೇ ಆದರೆ, ದಯವಿಟ್ಟು 'ಶೇ 20' ಎಂದು ಬರೆಯಬೇಡಿ. 'ಎಕರೆಗೆ 8 ಗುಂಟೆ' ಎಂದು ಬರೆಯಿರಿ. ಶೇಕಡಾ ಲೆಕ್ಕ ನಮ್ಮ ಯಜಮಾನರಿಗೆ ಬರುವುದಿಲ್ಲ. ಗುಂಟೆ ಲೆಕ್ಕದಲ್ಲಿ ಅವರನ್ನು ಯಾರೂ ಸೋಲಿಸಲಾರರು.

ಇನ್ನೊಂದು ಘಟನೆ ಹೇಳಬೇಕು. ಮೂರು ವರ್ಷದ ಹಿಂದೆ ಬಿತ್ತಿ ಉಳಿದ ಗೋವಿನಜೋಳದ ಬೀಜ, ಒಂದು ಬೊಗಸೆ, ಚೀಲದ ತಳದಲ್ಲಿತ್ತು. ಹುಳು ಬಾರದಂತೆ ಔಷಧ ಲೇಪಿಸಿದ ಕೆಂಪು ಬೀಜ. ಅತ್ತೆಯವರು ಕಾಳು ಹಾಳಾಗಬಾರದು ಎಂದು ತೊಳೆದು ಕೋಳಿಗೆ ಹಾಕಿದರು. ಸಂಜೆಗೆ ಮೂರು ಕೋಳಿ ಸತ್ತವು. ಅದರಲ್ಲಿ ಒಂದು, ಮೊಟ್ಟೆ ಇಡುತ್ತಿದ್ದ ಕೋಳಿ. ಆಮೇಲೆ ನಾನು ಚೀಲ ತಿರುಗಿಸಿ ಹುಡುಕಿದೆ. ವಿಷ, ತಿನ್ನಲು ಬಳಸಬಾರದು ಎಂಬ ಮಾತು ಇತ್ತು. ಇಂಗ್ಲಿಷಿನಲ್ಲಿ. ಹೊಲಿಗೆಯ ಮಡಿಕೆಯೊಳಗೆ. ಬಿತ್ತುವ ಮೊದಲು ಚೀಟಿ ಓದಿದವಳು ನಾನೇ, ನನಗೇ ಅದು ಕಂಡಿರಲಿಲ್ಲ. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದರು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಅತ್ತೆಯವರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಅವರದಲ್ಲ.

ಕೀಟನಾಶಕದ ಡಬ್ಬಿ ನೋಡಿ. ಅದರ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ತ್ರಿಕೋನ ಇರುತ್ತದೆ. ಓದು ಬಾರದವರಿಗೂ ಕೆಂಪು ಎಂದರೆ ಗೊತ್ತು. ಡಬ್ಬಿಯ ಜೊತೆ ನಮ್ಮ ಭಾಷೆಯ ಕಾಗದವೂ ಬರುತ್ತದೆ. ಬೀಜಕ್ಕೆ ಯಾಕಿಲ್ಲ? ನಮ್ಮಲ್ಲಿ ಕುಲಾಂತರಿ ಬೀಜಕ್ಕೆ ಒಪ್ಪಿಗೆ ನೋಡುವುದು ಪರಿಸರ ಸಚಿವಾಲಯದ ಜಿಇಎಸಿ. ಚೀಲದ ಮೇಲಿನ ಚೀಟಿಗೆ ಇರುವುದು 1966ರ ಬೀಜ ಕಾಯ್ದೆ, 1968ರ ನಿಯಮ. ಆ ನಿಯಮ ಬರೆದ ಕಾಲದಲ್ಲಿ ತಾನೇ ಹುಳು ಕೊಲ್ಲುವ ಬೀಜ ಯಾರ ಕನಸಿನಲ್ಲೂ ಇರಲಿಲ್ಲ. ಒಬ್ಬರು ಷರತ್ತು ಹಾಕುತ್ತಾರೆ, ಇನ್ನೊಂದು ಕಾಯ್ದೆ ಚೀಟಿ ನೋಡುತ್ತದೆ. ಆ ಷರತ್ತು ಚೀಟಿಯ ಮೇಲೆ ರೈತನಿಗೆ ತಿಳಿಯುವಂತೆ ಬಂತೇ ಎಂದು ನೋಡುವವರು ಯಾರು? ಹತ್ತಿಯಲ್ಲಿ ಯಾರೂ ನೋಡಲಿಲ್ಲ. ಹೊಸ ಬೀಜ ಮಸೂದೆಯಲ್ಲಿ ಇದಕ್ಕೆ ಜಾಗ ಮಾಡಿ ಎಂದು ಕೇಳುತ್ತೇನೆ.

ಚೀಟಿಯ ಮಾತು ಹೊಲದ ಬದುವಿನಲ್ಲಿ ನಿಲ್ಲುವುದೂ ಇಲ್ಲ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಬಿಟಿ ಗೋವಿನಜೋಳಕ್ಕೆ 1998ರಲ್ಲಿ ದನಕರುಗಳ ಮೇವಿಗೆ ಮತ್ತು ಕಾರ್ಖಾನೆಗೆ ಮಾತ್ರ ಎಂದು ಒಪ್ಪಿಗೆ ಕೊಟ್ಟರು. ಜನ ತಿನ್ನುವುದಕ್ಕೆ ಇಲ್ಲ. ಅಲರ್ಜಿಯ ಸಂಶಯ ಪೂರ್ತಿ ಬಗೆಹರಿದಿರಲಿಲ್ಲ. 2000ದ ಸೆಪ್ಟೆಂಬರ್‌ನಲ್ಲಿ ಅಂಗಡಿಯಲ್ಲಿ ಮಾರುವ ಟಾಕೊ ಎಂಬ ತಿನಿಸಿನಲ್ಲಿ ಅದೇ ಜೋಳ ಸಿಕ್ಕಿತು. ದೇಶದ ತುಂಬ ಸರಕು ವಾಪಸ್ ಮಾಡಬೇಕಾಯಿತು. ಎಷ್ಟೋ ರೈತರು ತಮಗೆ ಆ ಷರತ್ತನ್ನು ಯಾರೂ ಹೇಳಿರಲಿಲ್ಲ ಎಂದರು. ಆಮೇಲೆ ಮೇವಿಗೆ ಮಾತ್ರ ಎಂಬ ಅರ್ಧ ಒಪ್ಪಿಗೆಯನ್ನು ಇಪಿಎ ನಿಲ್ಲಿಸಿತು. ನಮ್ಮಲ್ಲಿ ಹಸಿ ತೆನೆಯನ್ನು ಹೊಲದಲ್ಲೇ ಸುಟ್ಟು ತಿನ್ನುತ್ತೇವೆ. ಒಣ ಕಾಳು ಎಪಿಎಂಸಿಗೆ, ಅಲ್ಲಿಂದ ಕೋಳಿ ಆಹಾರಕ್ಕೆ, ಸ್ಟಾರ್ಚಿಗೆ, ಈಗ ಎಥನಾಲ್‌ಗೂ. ದಂಟು, ರವದಿ ಎತ್ತಿಗೆ, ಎಮ್ಮೆಗೆ. ಒಂದೇ ರಾಶಿಯಿಂದ ಇಷ್ಟು ದಾರಿ. ಈ ಬೀಜದ ತೆನೆ ಮಗು ತಿನ್ನಬಹುದೇ, ದಂಟು ಎಮ್ಮೆಗೆ ಹಾಕಬಹುದೇ ಎಂಬುದಕ್ಕೆ ಚೀಟಿಯಲ್ಲಿ ಹೌದು ಅಥವಾ ಇಲ್ಲ ಎಂಬ ನೇರ ಉತ್ತರ ಬೇಕು. ವಿದೇಶದಿಂದ ಬರುವ 24 ಬಗೆಯ ಆಹಾರ ಬೆಳೆಗಳಿಗೆ, ಅದರಲ್ಲಿ ಮೆಕ್ಕೆಜೋಳವೂ ಇದೆ, ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ ಬೇಕು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ 2020ರಲ್ಲಿ ಆದೇಶ ಹೊರಡಿಸಿದೆ. ಬಂದರಿನಲ್ಲಿ ಇಷ್ಟು ಎಚ್ಚರ ಇರುವ ಸರ್ಕಾರ ನಮ್ಮ ಹೊಲದಲ್ಲೂ ಇರಲಿ.

ಈ ಬೀಜ ಏನು ಮಾಡುವುದಿಲ್ಲ ಎಂಬುದನ್ನೂ ಬರೆಯಬೇಕು. ಬಿಟಿ ಹತ್ತಿ ಬಂದಾಗ 'ಇನ್ನು ಔಷಧ ಹೊಡೆಯುವುದೇ ಬೇಡ' ಎಂದು ತಿಳಿದವರು ಎಷ್ಟು ಜನ! ರಸ ಹೀರುವ ಹೇನು, ಜಿಗಿಹುಳುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಆಮೇಲೆ ಬೀಜಕ್ಕೆ ಬೈದರು. ಯಾವ ಹುಳುವಿಗೆ ಕೆಲಸ ಮಾಡುತ್ತದೆ ಎಂದು ಅದರ ಚಿತ್ರ ಹಾಕಿ. ಯಾವುದಕ್ಕೆ ಇಲ್ಲ ಎಂದು ಅದರ ಚಿತ್ರವನ್ನೂ ಹಾಕಿ. ಬೀಜ ಸೋತು, ಸುಳಿಯಲ್ಲಿ ಮತ್ತೆ ಲದ್ದಿ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬ ನಂಬರು ದೊಡ್ಡದಾಗಿರಲಿ. ಹುಳು ಪಳಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ನಮಗೇ.

ಕ್ಯೂಆರ್ ಕೋಡ್ ಇರುತ್ತದಲ್ಲ, ಅದರಲ್ಲಿ ಎಲ್ಲ ಸಿಗುತ್ತದೆ ಎನ್ನುವವರಿಗೆ ಒಂದು ಮಾತು. ಕೋಡ್ ಇರಲಿ, ನಕಲಿ ಬೀಜ ಹಿಡಿಯಲು ಅದು ಬೇಕು. ಆದರೆ ಬಿತ್ತನೆ ದಿನ ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಕೈಯೆಲ್ಲ ಮಣ್ಣು, ಮಳೆ ಮೋಡ ತಲೆ ಮೇಲೆ. ಜೀವಕ್ಕೆ, ಬೆಳೆಗೆ ಬೇಕಾದ ಮಾತು ಚೀಲದ ಮೇಲೇ ಅಚ್ಚಾಗಬೇಕು.

ರೈತರು ಚೀಟಿ ಓದುವುದಿಲ್ಲ ಎಂದು ಒಬ್ಬ ಅಧಿಕಾರಿ ನನ್ನ ಎದುರಿಗೇ ಹೇಳಿದ್ದರು. ನಾವು ಮಾತ್ರೆಯ ತಾರೀಖು ಓದುತ್ತೇವೆ, ಬ್ಯಾಂಕಿನ ನೋಟಿಸ್ ಓದಿಸಿಕೊಳ್ಳುತ್ತೇವೆ. ಮದುವೆ ಕಾಗದದಲ್ಲಿ ಯಾರ ಹೆಸರು ಮೊದಲು ಬಂದಿದೆ ಎಂದು ಇಡೀ ಓಣಿಯೇ ಓದುತ್ತದೆ. ನಮಗೆ ಸಂಬಂಧಪಟ್ಟದ್ದು ನಮ್ಮ ಮಾತಿನಲ್ಲಿದ್ದರೆ ನಾವು ಓದುತ್ತೇವೆ.

ಒಪ್ಪಿಗೆಯನ್ನು ವರ್ಷಗಟ್ಟಲೆ ಎಳೆದರೆ ಕಳ್ಳದಾರಿಯಲ್ಲಿ ಬೀಜ ಬರುತ್ತದೆ ಎಂಬ ಮಾತೂ ಸುಳ್ಳಲ್ಲ. 2001ರಲ್ಲಿ ಗುಜರಾತಿನಲ್ಲಿ ಒಪ್ಪಿಗೆಗೂ ಮೊದಲೇ ಸಾವಿರಾರು ಎಕರೆಯಲ್ಲಿ ಬಿಟಿ ಹತ್ತಿ ಬೆಳೆದು ನಿಂತಿತ್ತು. ಕಳೆನಾಶಕ ತಡೆಯುವ ಹತ್ತಿಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಆದರೂ ಗುಟ್ಟಾಗಿ ಮಾರಾಟವಾಗುತ್ತದೆ. ಅಂಥ ಪೊಟ್ಟಣದ ಮೇಲೆ ಚೀಟಿಯೇ ಇರುವುದಿಲ್ಲ, ಇದ್ದರೂ ಸುಳ್ಳು. ಅದಕ್ಕೇ ಹೇಳುತ್ತಿರುವುದು, ಬೇಡ ಎನ್ನುವುದಾದರೆ ಬೇಡ ಎಂದು ತೀರ್ಮಾನಿಸಿ, ಗಟ್ಟಿಯಾಗಿ ತಡೆಯಿರಿ. ಬೇಕು ಎಂದರೆ ಚೀಟಿಯನ್ನು ಈಗಲೇ ತಯಾರು ಮಾಡಿ.

2010ರಲ್ಲಿ ಬಿಟಿ ಬದನೆ ವಿಷಯದಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಜನರ ಸಭೆ ನಡೆಸಿದರು. ಬೆಂಗಳೂರಿನಲ್ಲೂ ಒಂದು ಆಯಿತು. ಜನರ ಮಾತು ಕೇಳಿದ ಮೇಲೆ ಬಿಟಿ ಬದನೆಯನ್ನು ತಡೆಹಿಡಿದರು. ಗೋವಿನಜೋಳಕ್ಕೂ ಅಂಥ ಸಭೆ ಆಗಲಿ. ಆದರೆ ಬೆಂಗಳೂರಿನಲ್ಲಿ ಬೇಡ. ಹಾವೇರಿಯಲ್ಲೋ ದಾವಣಗೆರೆಯಲ್ಲೋ, ಬೆಳೆ ಇರುವ ಕಡೆ ಆಗಲಿ. ಬರೀ ಬೀಜ ಬೇಕೇ ಬೇಡವೇ ಎಂದು ಕೇಳಿ ಹೋಗಬೇಡಿ. ಚೀಟಿಯ ಕರಡನ್ನು ಕೈಗೆ ಕೊಟ್ಟು ಓದಿಸಿ.

ಸಭೆ ಮಾಡಲು ಆಗದಿದ್ದರೆ ಇಷ್ಟಾದರೂ ಮಾಡಿ. ಕರಡು ಚೀಟಿಯನ್ನು, ಚೀಲದ ಮೇಲೆ ಬರುವ ಅಳತೆಯಲ್ಲೇ, ಕನ್ನಡದಲ್ಲಿ ಅಚ್ಚು ಹಾಕಿಸಿ ಎಲ್ಲ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಿ. ಮುಂಗಾರು ಬಿತ್ತನೆಗೆ ಬೀಜ ತರಲು ಎಲ್ಲರೂ ಅಲ್ಲಿ ಸರದಿಯಲ್ಲಿ ನಿಂತಿರುತ್ತೇವೆ. ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಬರುತ್ತೇನೆ. ಅವರಿಗೆ 76 ವರ್ಷ. ಗಟ್ಟಿಯಾಗಿ ಓದಿ ಹೇಳುತ್ತೇನೆ. ಯಾವ ಸಾಲಿನಲ್ಲಿ ಅವರು 'ಅಂದ್ರ ಏನವ್ವಾ?' ಎಂದು ಕೇಳುತ್ತಾರೋ ಆ ಸಾಲಿಗೆ ಗೆರೆ ಎಳೆದು ಇಲಾಖೆಗೆ ಕಳಿಸಿಕೊಡುತ್ತೇನೆ.

ಇಂತಿ,
ಒಬ್ಬ ಗೋವಿನಜೋಳ ಬೆಳೆಗಾರ್ತಿ
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ